ಬನ್ನಿ ಗಿಡದ ಕೆಳಗಿನ ಐದು ಕಲ್ಲು: ಮಗಳಿಗೊಂದು ಪತ್ರ

ವಿಜಯಪುರ
ಎಳ್ಳಮಾವಾಸ್ಯೆಗೆ ಹದಿನೈದು ದಿನ ಮುಂಚೆ

ಚಿರಂಜೀವಿ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಇಂಗ್ಲೆಂಡಿನ ಆ ಊರಿನಲ್ಲಿ ಹುಣ್ಣಿಮೆಯ ರಾತ್ರಿ ಕೆಲವು ಗೆಳತಿಯರೊಂದಿಗೆ ಸುತ್ತುಗಟ್ಟಿ ನಿಂತು, ದೀಪ ಹಚ್ಚಿ, ನೆಲಕ್ಕೂ ಚಂದ್ರನಿಗೂ ಕೈಮುಗಿಯುವ ಪೇಗನ್ ಬಳಗವನ್ನು ಒಂದು ವರ್ಷದಿಂದ ಸೇರಿಕೊಂಡಿರುವುದಾಗಿಯೂ, ಮನೆಯಲ್ಲಿ ಹೇಳಲು ಹೆದರಿ ಸುಮ್ಮನಿದ್ದುದಾಗಿಯೂ ಬರೆದಿರುವೆ. ನೀನು ಅಲ್ಲಿ ಮಾಡಿದ್ದು ನನಗೆ ನೋವು ತರಲಿಲ್ಲ, ಹೇಳಲು ಹೆದರಿದ್ದು ತಂದಿತು. ‘ನಾನು ನಮ್ಮ ಧರ್ಮ ಬಿಟ್ಟಂತಾಯಿತೇ’ ಎಂದು ಕೇಳಿರುವೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಮನಸ್ಸು ಒಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳಾದ್ದರಿಂದ ಮೊದಲು ಓದಿಕೊಂಡೆ, ಈಗ ಬರೆಯುತ್ತಿದ್ದೇನೆ.

ಪೇಗನ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ಪಗಾನುಸ್. ಹಳ್ಳಿಗ ಎಂಬುದು ಅದರ ಹಳೆಯ ಅರ್ಥ. ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತ ಹರಡಿದಾಗ, ಹಳೆಯ ದೇವರುಗಳನ್ನು ಬಿಡದವರಿಗೆ ಆ ಹೆಸರು ಅಂಟಿತು. ಇದನ್ನು ಓದಿದಾಗ ನನಗೆ ನಿನ್ನ ಅಜ್ಜಿಯ, ನಮ್ಮ ಆಯಿಯ ನೆನಪಾಯಿತು, ಆ ಮಾತನ್ನು ಮುಂದೆ ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ನೀನು ‘ಐದು ಸಾವಿರ ವರ್ಷಗಳ ಪರಂಪರೆ’ ಎಂದು ಬರೆದ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ನಿಮ್ಮ ಇಂಗ್ಲೆಂಡಿನಲ್ಲಿ ಸುತ್ತುಗಟ್ಟಿ ನಿಂತಿರುವ ಸ್ಟೋನ್‌ಹೆಂಜಿನ ಕಲ್ಲುಗಳು ಹೆಚ್ಚುಕಡಿಮೆ ಅಷ್ಟು ಹಳೆಯವು ಎಂಬುದು ನಿಜ. ಆದರೆ ಆ ನಾಡಿನ ಹಳೆಯ ಡ್ರೂಯಿಡ್ ಪುರೋಹಿತರ ಸುದ್ದಿ ನಮಗೆ ವಿವರವಾಗಿ ಸಿಗುವುದು ರೋಮಿನ ಜೂಲಿಯಸ್ ಸೀಸರನ ಕಾಲಕ್ಕೆ, ಅಂದರೆ ಆ ದೊಡ್ಡ ಕಲ್ಲುಗಳು ನಿಂತು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಅವರಿಗೂ ಆ ಕಲ್ಲುಗಳಿಗೂ ಗಂಟು ಹಾಕಿದವರು 17 ಮತ್ತು 18ನೆಯ ಶತಮಾನಗಳ ಪುರಾತನ ವಸ್ತುಪ್ರಿಯರು. ಇಂದು ಅಲ್ಲಿ ಸೂರ್ಯೋದಯಕ್ಕೆ ಸೇರುವ ಡ್ರೂಯಿಡರು ಈ ಕಾಲದವರು. ನಿನ್ನ ಬಳಗ ಅನುಸರಿಸುವ ವಿಕ್ಕಾ ಎಂಬ ಪೇಗನ್ ಮಾರ್ಗವಂತೂ ನನಗಿಂತ ಹೆಚ್ಚು ಹಳೆಯದಲ್ಲ. ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿ ದುಡಿದು ನಿವೃತ್ತನಾದ ಜೆರಾಲ್ಡ್ ಗಾರ್ಡ್‌ನರ್ ಎಂಬಾತ, ಬ್ರಿಟನ್ 1951ರಲ್ಲಿ ಮಾಟದ ವಿರುದ್ಧದ ಹಳೆಯ ಕಾಯ್ದೆಯನ್ನು ರದ್ದುಪಡಿಸಿದ ಬಳಿಕ, 1954ರಲ್ಲಿ ಪುಸ್ತಕ ಬರೆದು ಅದನ್ನು ಲೋಕದ ಮುಂದಿಟ್ಟನು. ತಲೆತಲಾಂತರದಿಂದ ಗುಟ್ಟಾಗಿ ಉಳಿದು ಬಂದ ವಿದ್ಯೆ ತನಗೆ ದೊರೆಯಿತೆಂದು ಅವನು ಹೇಳಿಕೊಂಡದ್ದನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ನೀವು ಹಾಡುವ ಪ್ರಾರ್ಥನೆಗಳಲ್ಲಿ ಹಲವನ್ನು ಡೋರೀನ್ ವ್ಯಾಲಿಯಂಟೆ ಎಂಬ ಹೆಣ್ಣುಮಗಳು 1950ರ ದಶಕದಲ್ಲಿ ಕುಳಿತು ತಿದ್ದಿ ಬರೆದಳು. ವರ್ಷಕ್ಕೆ ಎಂಟು ಹಬ್ಬಗಳ ಚಕ್ರವೂ ಅದೇ ದಶಕದಲ್ಲಿ ಕೂಡಿಬಂದದ್ದು.

ಹೊಸದು ಎಂದ ಮಾತ್ರಕ್ಕೆ ಸುಳ್ಳಲ್ಲ, ಮಗಳೇ. ಬಾಗೇವಾಡಿಯ ಬಸವಣ್ಣನವರೂ ಅವರ ಸಂಗಡದ ಶರಣರೂ 12ನೆಯ ಶತಮಾನದಲ್ಲಿ ಗುಡಿಯ ಹಂಗನ್ನು ಬಿಡಿಸಿ ದೇವರನ್ನು ಅಂಗೈಗೆ ತಂದಾಗ, ಅದೂ ಅಂದಿನವರಿಗೆ ಹೊಸದಾಗಿಯೇ ಇತ್ತು. ಆದರೆ ಅವರು ಅದಕ್ಕೆ ಇಲ್ಲದ ವಯಸ್ಸನ್ನು ಕಟ್ಟಲಿಲ್ಲ. ನೀನೂ ಕಟ್ಟಬೇಡ ಎಂಬುದಷ್ಟೇ ನನ್ನ ಕೋರಿಕೆ.

ಇನ್ನೊಂದು ಮಾತು, ನೀವು ಹೆಮ್ಮೆಯಿಂದ ಇಟ್ಟುಕೊಳ್ಳುವ ‘ವಿಚ್’, ಅಂದರೆ ಮಾಟಗಾತಿ, ಎಂಬ ಹೆಸರಿನದು. ಯುರೋಪಿನಲ್ಲಿ ಆ ಆರೋಪ ಹೊತ್ತು ಸುಮಾರು 40,000ದಿಂದ 50,000 ಜನ ಸತ್ತರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು, ನೆರೆಹೊರೆಯವರ ದೂರಿಗೆ ಸಿಕ್ಕ ಸಾಮಾನ್ಯ ಕ್ರೈಸ್ತರು. ಅವರನ್ನು ನಿಮ್ಮ ಮಾರ್ಗದ ಹುತಾತ್ಮರೆಂದು ಕರೆಯುವುದು ಸತ್ತವರಿಗೆ ಮಾಡುವ ಅನ್ಯಾಯವೆಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿಯೂ ‘ಮಾಟಗಾತಿ’ ಎಂಬ ಒಂದು ಮಾತು ವಿಧವೆಯೊಬ್ಬಳನ್ನು ಊರು ಬಿಡಿಸಬಲ್ಲದು. ವಾಮಾಚಾರ ತಡೆಗೆ 2017ರಲ್ಲಿ ನಮ್ಮ ರಾಜ್ಯ ಕಾಯ್ದೆಯನ್ನೇ ಮಾಡಬೇಕಾಯಿತು. ಆ ಮಾತನ್ನು ಹೊರುವಾಗ ಅದರ ಭಾರ ನಿನಗೆ ಗೊತ್ತಿರಲಿ.

ಪೇಗನ್ ಎಂದರೆ ಒಂದೇ ದಾರಿಯಲ್ಲ ಎಂಬುದು ಓದುತ್ತ ಹೋದಂತೆ ತಿಳಿಯಿತು. ಐಸ್‌ಲ್ಯಾಂಡಿನಲ್ಲಿ ಕುರಿ ಸಾಕುವ ಕವಿಯೊಬ್ಬ 1972ರಲ್ಲಿ ಕೆಲವರನ್ನು ಕೂಡಿಸಿ ಹಳೆಯ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯದ, ದೇವತೆಗಳ ಆರಾಧನೆಯನ್ನು ಮತ್ತೆ ಆರಂಭಿಸಿದನು, ಮರುವರ್ಷವೇ ಸರಕಾರ ಮಾನ್ಯ ಮಾಡಿತು. ಆದರೆ ಅದೇ ನಾರ್ಸ್ ಚಿಹ್ನೆಗಳನ್ನು ಹಿಟ್ಲರನ ಜನರೂ ಬಳಸಿದರು, ಬಿಳಿಯರೇ ಮೇಲು ಎನ್ನುವವರು ಇಂದಿಗೂ ಬಳಸುತ್ತಾರೆ. ಜನಾಂಗದ ರಕ್ತದ ಮಾತು ತೆಗೆಯುವ ಬಳಗ ಎದುರಾದರೆ ಆ ಹೊತ್ತಿಗೇ ಎದ್ದು ಬಾ. ಕೆಲವರು ದೇವತೆಗಳು ನಿಜವಾಗಿ ಇದ್ದಾರೆಂದು ನಂಬುತ್ತಾರೆ, ಕೆಲವರಿಗೆ ಅವು ಮನಸ್ಸಿನ ರೂಪಕಗಳು, ಗುರುವೂ ಬಳಗವೂ ಬೇಡವೆಂದು ಒಂಟಿಯಾಗಿ ಸಾಧನೆ ಮಾಡುವವರೂ ಬಹಳ.

ನನ್ನ ಮನಸ್ಸನ್ನು ಹಿಡಿದದ್ದು ಲಿಥುವೇನಿಯಾದ ಕಥೆ. ಯುರೋಪಿನಲ್ಲಿ ಎಲ್ಲರಿಗಿಂತ ತಡವಾಗಿ, 1387ರಲ್ಲಿ, ಕ್ರೈಸ್ತಮತ ಸೇರಿದ ನಾಡು ಅದು. ಅಲ್ಲಿ ಬೆಂಕಿಯ ಪೂಜೆ, ಸೂರ್ಯನ ಹಾಡುಗಳು ಹಳ್ಳಿಯ ಹೆಂಗಸರ ಬಾಯಲ್ಲಿ ಜಾನಪದವಾಗಿ ಉಳಿದಿದ್ದವು. ರೊಮುವಾ ಎಂಬ ಪಂಥದವರು ಆ ಹಾಡುಗಳನ್ನೇ ಹಿಡಿದು, ಸೋವಿಯತ್ ಆಡಳಿತದ ಕಾಟವನ್ನು ತಾಳಿಕೊಂಡು, 2021ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದು, 2024ರ ಡಿಸೆಂಬರಿನಲ್ಲಿ ತಮ್ಮ ಸಂಸತ್ತಿನಿಂದ ಮಾನ್ಯತೆ ಪಡೆದರು. ಹಾಡಿನ ಒಂದು ಎಳೆ ಉಳಿದಿತ್ತು ಎಂಬುದರಿಂದ ಅಷ್ಟೆಲ್ಲ ಸಾಧ್ಯವಾಯಿತು.

ಆ ಎಳೆಯನ್ನು ನಮ್ಮ ಮನೆಯಲ್ಲಿ ಕಡಿದವಳು ನಾನು. ನೀನು ಕೇಳದಿದ್ದರೂ ಇದನ್ನು ಹೇಳಲೇಬೇಕಾಗಿದೆ. ಡೋಣಿ ಸಾಲಿನ ನಮ್ಮ ಹೊಲದಲ್ಲಿ ಎಳ್ಳಮಾವಾಸ್ಯೆಯ ದಿನ ಬಿಳಿಜೋಳ ಆಳೆತ್ತರ ನಿಂತು, ಕಡಲೆ ಹೂಬಿಟ್ಟಿರುವ ಹೊತ್ತಿಗೆ, ನಿನ್ನ ಆಯಿ ಬನ್ನಿ ಗಿಡದ ಕೆಳಗೆ ಐದು ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಹಚ್ಚಿ, ಅವರನ್ನು ಪಾಂಡವರೆಂದು ಕರೆದು ಪೂಜಿಸುತ್ತಿದ್ದರು. ಸಜ್ಜಿ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲಸಿ, ಹೊಲದ ನಾಲ್ಕು ಕಡೆಗೂ ಕೂಗುತ್ತ ಚರಗ ಚೆಲ್ಲಿದ ಮೇಲೆಯೇ ನಮಗೆ ಊಟ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುತ್ತಿದ್ದರು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಭಾದ್ರಪದದಲ್ಲಿ ಬೇವಿನ ಸೊಪ್ಪಿನ ಬುಟ್ಟಿಯೊಳಗೆ ಬಂದು ಏಳೇ ದಿನ ಬದುಕಿ ಮಳೆ ತರುವ ಜೋಕುಮಾರ. ಶರಣರು ಬೀದಿಗೊಂದು ದೈವವನ್ನು ಕಟುವಾಗಿ ಟೀಕಿಸಿದ್ದರು ಎಂಬುದೂ ಆಯಿಗೆ ಗೊತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿಕೊಂಡೇ ಅವರು ಚರಗಕ್ಕೆ ಹೊರಡುತ್ತಿದ್ದರು. ಆ ಎರಡರ ನಡುವೆ ಅವರು ಎಂದೂ ಜಗಳ ಕಾಣಲಿಲ್ಲ. ಕಂಡವಳು ನಾನು. ಓದಿದ ಹೆಣ್ಣುಮಗಳು ಕಲ್ಲಿಗೆ ಸುಣ್ಣ ಹಚ್ಚುವುದು ಶೋಭಿಸದೆಂದು, ಶಾಲೆಯ ಕೆಲಸದ ನೆಪ ಹೇಳಿ ಹೋಗುವುದನ್ನು ಬಿಟ್ಟೆ, ನಿನ್ನನ್ನೂ ಕರೆದೊಯ್ಯಲಿಲ್ಲ. ಆಯಿ ತೀರಿಕೊಂಡ ಮೇಲೆ ಅವರು ಕೂಗುತ್ತಿದ್ದ ಆ ಮಾತುಗಳು ಪೂರ್ತಿಯಾಗಿ ನನ್ನ ನೆನಪಿನಲ್ಲಿ ಉಳಿದಿಲ್ಲ. ನೀನು ಏಳು ಸಾವಿರ ಕಿಲೋಮೀಟರಿನಾಚೆ ಹೋಗಿ ನೆಲಕ್ಕೆ ಕೈಮುಗಿಯುವುದನ್ನು ಅಪರಿಚಿತರಿಂದ ಕಲಿತೆ ಎಂದು ಓದಿದಾಗ ನಾನು ಅತ್ತದ್ದು ಅದಕ್ಕಾಗಿ.

ಹಾಗೆಂದು ನಿನ್ನ ಬಳಗದವರ ಕೊಂಬಿನ ದೇವರೂ ನಮ್ಮ ಜೋಕುಮಾರನೂ ಒಂದೇ ಎಂದು ಹೇಳಿಬಿಡುವವಳು ನಾನಲ್ಲ. ಒಂದೊಂದು ದೈವ ಒಂದೊಂದು ಮಣ್ಣಿನದು. ನಿನ್ನ ಬಳಗವನ್ನು ಬಿಡು ಎಂದೂ ಹೇಳುವುದಿಲ್ಲ. ದೀಕ್ಷೆಗೆ ಹಣ ಕೇಳಿದರೆ, ಮನೆಯವರಿಂದ ಮುಚ್ಚಿಡು ಎಂದು ಯಾರಾದರೂ ಹೇಳಿದರೆ, ನನಗೆ ತಿಳಿಸು. ಉಳಿದದ್ದು ನಿನ್ನದು.

ಈ ಸಲ ನಾನು ಚರಗಕ್ಕೆ ಹೋಗುತ್ತೇನೆ. ಮಾತುಗಳನ್ನು ಕಲಿಸಿಕೊಡಲು ಪಕ್ಕದ ಹೊಲದ ಅಜ್ಜಿಯೊಬ್ಬರು ಒಪ್ಪಿದ್ದಾರೆ, ಫೋನಿನಲ್ಲಿ ಧ್ವನಿಮುದ್ರಿಸಿ ನಿನಗೆ ಕಳುಹಿಸುವೆ. ನಿಮ್ಮ ಚಳಿಗಾಲದ ಸಂಕ್ರಮಣದ ಸಭೆ ಡಿಸೆಂಬರ್ 21ರ ರಾತ್ರಿ ಎಂದು ಬರೆದಿರುವೆ. ಕಡುಬು ದಾರಿಯಲ್ಲಿ ಕೆಡುತ್ತದೆ. ಎಳ್ಳು ಹಚ್ಚಿದ ಕಡಕ್ ಸಜ್ಜಿ ರೊಟ್ಟಿ ಹತ್ತನ್ನು ಶೇಂಗಾ ಹಿಂಡಿಯ ಸಂಗಡ ನಾಳೆಯೇ ಪಾರ್ಸೆಲ್ ಮಾಡುತ್ತೇನೆ. ತಲುಪಿದ ಕೂಡಲೇ ತಿಳಿಸು.

ನಿನ್ನ ಅವ್ವ