ಅಲ್ಜೀರಿಯಾಕ್ಕೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಲ್ಜೀರಿಯಾದಲ್ಲಿ ಕೆಲಸ ಸಿಕ್ಕಿತು ಅಂತ ಕೇಳಿ ತುಂಬಾ ಖುಷಿಯಾಯಿತು. ಮರಳುಗಾಡು ತಾನೇ ಅಂತ ಬರೀ ತೆಳು ಬಟ್ಟೆ ತುಂಬಿಕೊಳ್ಳುತ್ತಿದ್ದೀಯಂತೆ. ಅದಕ್ಕೇ ಈ ಕಾಗದ. ನಾನೂ ಹಾಗೇ ಹೋಗಿ ಜನವರಿ ರಾತ್ರಿಗಳಲ್ಲಿ ನಡುಗಿದ್ದೇನೆ. ಸ್ವೆಟರ್ ಇರಲೇಬೇಕು.

ಆ ದೇಶದ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಸಹಾರಾ, ನಿಜ. ಆದರೆ ನೀನು ಇಳಿಯುವ ಅಲ್ಜಿಯರ್ಸ್ ಕಡಲ ತಡಿಯ ಊರು. ಪಕ್ಕದ ಮಿತಿಜಾ ಬಯಲಲ್ಲಿ ಕಿತ್ತಳೆ ತೋಟಗಳು. ಜುರ್ಜುರಾ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ಹಿಮ. ದಕ್ಷಿಣಕ್ಕೆ ಹೋದರೆ ಕುರಿ ಮೇಯುವ ಬಯಲು, ಉಪ್ಪಿನ ಕೆರೆಗಳು, ಇನ್ನೊಂದು ಬೆಟ್ಟದ ಸಾಲು. ಆಮೇಲೆ ಸಹಾರಾ. ಅಲ್ಲೂ ಬರೀ ಮರಳಿಲ್ಲ. ಮರಳು ದಿಬ್ಬಗಳ ನಾಡು ಎರ್ಗ್, ಜಲ್ಲಿ ಹರಡಿದ ಬಯಲು ರೆಗ್, ಬೋಳು ಬಂಡೆಯ ಹಾಸು ಹಮ್ಮಾದ. ಈ ಮೂರು ಪದ ಕಲಿತುಕೋ, ದಾರಿ ಕೇಳುವಾಗ ಬೇಕಾಗುತ್ತೆ.

ಒಣಗಿದ ಹಳ್ಳದಲ್ಲಿ ಮಾತ್ರ ಟೆಂಟ್ ಹಾಕಬೇಡ. ನೆಲ ಸಮವಾಗಿರುತ್ತೆ, ಗಾಳಿಗೆ ಮರೆ ಇರುತ್ತೆ, ಮನಸ್ಸು ಎಳೆಯುತ್ತೆ. ಆದರೆ ದೂರದ ಬೆಟ್ಟದಲ್ಲಿ ಸುರಿದ ಮಳೆ, ಮೋಡವೇ ಇಲ್ಲದ ಕಡೆಗೂ ನುಗ್ಗಿ ಬರುತ್ತೆ. ಇಸಾಬೆಲ್ ಎಬರ್ಹಾರ್ಟ್ ಅನ್ನುವ ಲೇಖಕಿ 1904ರಲ್ಲಿ ಐನ್ ಸೆಫ್ರಾದಲ್ಲಿ ಇಂಥದೇ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ ಬರೀ 27 ವರ್ಷ. 2008ರಲ್ಲಿ ಘರ್ದಾಯಾ ಊರಿಗೇ ನೀರು ನುಗ್ಗಿತ್ತು.

ತಿಮಿಮೂನ್ ಕಡೆ ಹೋದರೆ ಫೊಗ್ಗಾರಾ ನೋಡಲೇಬೇಕು. ನೆಲದಡಿಯ ಸುರಂಗದಲ್ಲಿ ಇಳಿಜಾರಿನ ಬಲದಿಂದಲೇ ನೀರು ಹರಿದು ಬರುತ್ತೆ. ಬೀದರಿನ ನೌಬಾದ್ ಕರೇಜ್ ನೋಡಿದ್ದೀಯಲ್ಲ, ಅದೇ ವಿದ್ಯೆ. ನೀರು ಹೊರಬರುವ ಕಡೆ ಬಾಚಣಿಗೆಯ ಹಾಗೆ ಹಲ್ಲು ಕೆತ್ತಿದ ಒಂದು ಕಲ್ಲು. ಸಂದಿ ಎಷ್ಟು ಅಗಲವೋ, ಆ ತೋಟಕ್ಕೆ ಅಷ್ಟು ನೀರಿನ ಪಾಲು. ನಾನು ನೀರಿಗೆ ಬೆರಳಿಟ್ಟಾಗ ಹಿರಿಯರೊಬ್ಬರು ಮೆತ್ತಗೆ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದರು. ಬೈಯಲಿಲ್ಲ. ಬೆರಳು ಅಲ್ಲಿದ್ದಷ್ಟು ಹೊತ್ತು ಯಾರದೋ ಖರ್ಜೂರದ ಗಿಡಕ್ಕೆ ನೀರು ಕಡಿಮೆ, ಅಲ್ವಾ? ನೀನು ಕಣ್ಣಲ್ಲೇ ನೋಡು.

ರಜೆ ಕೂಡಿಸಿಕೊಂಡು ಸಹಾರಾದ ತಸ್ಸಿಲಿ ಪ್ರಸ್ಥಭೂಮಿಗೂ ಹೋಗಿ ಬಾ. ಅಲ್ಲಿಯ ಬಂಡೆಗಳ ಮೇಲೆ ಸಾವಿರಾರು ವರ್ಷ ಹಳೆಯ ಚಿತ್ರಗಳಿವೆ: ದನದ ಹಿಂಡು, ಜಿರಾಫೆ. ಆಗ ಅಲ್ಲಿ ಹುಲ್ಲು ಬೆಳೆಯುತ್ತಿತ್ತು. ಫೋಟೋ ಚೆನ್ನಾಗಿ ಬರಲಿ ಅಂತ ಯಾರಾದರೂ ಚಿತ್ರದ ಮೇಲೆ ನೀರು ಚಿಮುಕಿಸಿದರೆ ತಡೆದುಬಿಡು. ಹಿಂದೆ ಹಾಗೆ ಒದ್ದೆ ಮಾಡಿಯೇ ಎಷ್ಟೋ ಚಿತ್ರ ಮಾಸಿಹೋಗಿವೆ.

ನನ್ನ ಕಂದು ಶಾಲು ನಿಮ್ಮಮ್ಮನ ಕೈಲಿ ಕೊಟ್ಟಿದ್ದೇನೆ. ಸಹಾರಾ ನಡುವಿನ ತಮನ್ರಾಸೆಟ್ ಊರಿನ ಚಳಿ ಕಂಡ ಶಾಲು ಅದು. ಕೈಚೀಲದಲ್ಲೇ ಇಟ್ಟುಕೋ.

ಇತಿ,
ನಿನ್ನ ದೊಡ್ಡಪ್ಪ