ಬುಗುಮಾದ ಅಜ್ಜಿಯ ಪೆಟ್ಟಿಗೆ

ಪೋರ್ಟ್ ಹಾರ್ಕೋರ್ಟ್, ನೈಜೀರಿಯಾ

ಅಪ್ಪ, ಅವ್ವ, ಇಬ್ಬರಿಗೂ ನಮಸ್ಕಾರ.

ಜ್ವರ ಪೂರ್ತಿ ಬಿಟ್ಟಿದೆ. ಅವ್ವ, ನೀನು ಚಿಂತೆ ಮಾಡಬೇಡ. ಅಕ್ಕನಿಗೂ ಹೇಳು. ಈ ಸಲ ಅಪ್ಪನಿಗೆ ಹೇಳಬೇಕಾದ್ದೇ ಜಾಸ್ತಿ ಇದೆ.

ಭಾನುವಾರ ನನ್ನ ಜೊತೆ ಕೆಲಸ ಮಾಡುವ ಗೆಳೆಯ ತನ್ನ ಊರು ಬುಗುಮಾಕ್ಕೆ ಕರೆದುಕೊಂಡು ಹೋದ. ಅವರು ಕಲಾಬರಿ ಜನ. ನಾನು ಇಂಡಿಯಾದವನು ಅಂತ ಗೊತ್ತಾಗಿದ್ದೇ ತಡ, ಅವನ ಅಜ್ಜಿ ಒಳಗಿನಿಂದ ಒಂದು ಮರದ ಪೆಟ್ಟಿಗೆ ತರಿಸಿದರು. ತುಂಬಾ ಚೌಕಳಿ ಬಟ್ಟೆ. ಮುಟ್ಟಿ ನೋಡಿದೆ ಅಪ್ಪ, ಕೈಮಗ್ಗದ್ದು! ನಮ್ಮ ಮದರಾಸು, ಚೀರಾಲ ಕಡೆಯ ನೇಕಾರರು ಇವರಿಗೆಂದೇ ನೇಯುತ್ತಿದ್ದ ಬಟ್ಟೆ. ಇವರು ಇದನ್ನು ಇಂಜಿರಿ ಅನ್ನುತ್ತಾರೆ. ‘ಅಸಲಿ ಇಂಡಿಯಾ’ ಅಂತ ಅರ್ಥವಂತೆ. ಹುಟ್ಟಿದ ಮಗುವನ್ನು ಇದರಲ್ಲೇ ಸುತ್ತುತ್ತಾರೆ. ಹಿರಿಯರು ತೀರಿಕೊಂಡರೆ ಮನೆಯ ಮಂಚಗಳನ್ನು ಇದರಿಂದಲೂ ಸಿಂಗರಿಸುತ್ತಾರೆ.

ಮುಂದಿನದು ಕೇಳಿದರೆ ನಿಮ್ಮ ಎದೆ ಝಲ್ಲೆನ್ನಬಹುದು. ಹೊಸ ಬಟ್ಟೆಯ ನೂಲನ್ನು ಇವರು ಕತ್ತರಿಸುತ್ತಾರೆ! ಅಜ್ಜಿ ಮಾಡಿ ತೋರಿಸಿದರು. ಸೂಜಿಯಿಂದ ಒಂದು ಎಳೆ ಎತ್ತಿ, ಬ್ಲೇಡಿನಲ್ಲಿ ಕೊಯ್ದು, ಮೆಲ್ಲಗೆ ಎಳೆದು ತೆಗೆದರು. ತಿಳಿ ಬಣ್ಣದ ಎಳೆಗಳು ಹೋಗುತ್ತವೆ, ಗಾಢ ಬಣ್ಣದವು ಉಳಿಯುತ್ತವೆ. ಬೆಳಕಿಗೆ ಹಿಡಿದರೆ ಜಾಳಿಗೆಯ ಹಾಗೆ, ಬೇರೆಯದೇ ಚಿತ್ತಾರ. ಪೆಲೆಟೆ ಬಿಟೆ ಅಂತ ಹೆಸರು. ಅಂದರೆ ಕತ್ತರಿಸಿದ ಬಟ್ಟೆ. ಕಡಿದ ಹಾಸಿನ ಎಳೆಗೆ ಗಂಟು ಹಾಕುವಾಗಿನ ನಿಮ್ಮ ಬೆರಳುಗಳೇ ಕಣ್ಣ ಮುಂದೆ ಬಂದವು.

ಕೊಳ್ಳುವವರಿಗೆ ನೇಯ್ಗೆ ಏನು ಗೊತ್ತು ಅಂತ ನೀವು ಯಾವಾಗಲೂ ಹೇಳುತ್ತೀರಲ್ವಾ? ಈ ಅಜ್ಜಿ ಬಟ್ಟೆಯನ್ನು ತಿರುವಿ, ಅಂಚು ಸವರಿ, ಮೂಸಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುತ್ತಾರೆ. ಯಾವ ಚೌಕಳಿ, ಯಾವ ಬಣ್ಣ ಅಂತ ಇಲ್ಲಿಯವರ ಇಷ್ಟ ಕೇಳಿಕೊಂಡೇ ಅಲ್ಲಿ ಲಾಳಿ ಆಡುತ್ತಿತ್ತು. ಹಾಗಾಗಿ ಇದು ಬರೀ ನಮ್ಮ ಬಟ್ಟೆ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಅರ್ಧ ಇವರದ್ದೇ.

ಪಕ್ಕದ ಇಗ್ಬೋ ಹೆಂಗಸರು ಮದುವೆಗೆ ಉಡುವ ಬಟ್ಟೆಯ ಹೆಸರು ಜಾರ್ಜ್. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಬಂದ ಹೆಸರು ಅದು.

ಒಂದು ವಿಷಯ ಮಾತ್ರ ರಾತ್ರಿ ನಿದ್ದೆ ಕೆಡಿಸಿತು. ಯುರೋಪಿನ ಹಡಗಿನವರು ಈ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲು ಕೊಡುತ್ತಿದ್ದ ಸರಕಿನಲ್ಲಿ ನಮ್ಮ ದೇಶದ ಹತ್ತಿ ಬಟ್ಟೆಯೂ ಇತ್ತು. ಬ್ರಿಟಿಷರು ಆ ವ್ಯಾಪಾರ ನಿಲ್ಲಿಸುವ ಕಾನೂನು ಮಾಡಿದ್ದು 1807ರಲ್ಲಿ. ನೇಯ್ದವರಿಗೆ ಇದು ಗೊತ್ತೇ ಇರಲಿಲ್ಲವೇನೋ. ಆಮೇಲೆ ತಾಳೆ ಎಣ್ಣೆ ವ್ಯಾಪಾರದ ಕಾಲ ಬಂತು, ಬಟ್ಟೆ ಬರುವುದು ನಿಲ್ಲಲಿಲ್ಲ. 1970ರ ದಶಕದಲ್ಲಿ ಇಲ್ಲಿಯ ಸರ್ಕಾರ ಹೊರಗಿನ ಬಟ್ಟೆಗೆ ತಡೆ ಹಾಕಿದಾಗ ಮದರಾಸು, ಚೀರಾಲ ಕಡೆ ಎಷ್ಟೋ ಮಗ್ಗಗಳಿಗೆ ಕೆಲಸ ತಪ್ಪಿತು. ಕೊಳ್ಳುವ ಊರಿನಲ್ಲಿ ಬಾಗಿಲು ಹಾಕಿದರೆ ಮಗ್ಗದ ಮನೆಯಲ್ಲಿ ಒಲೆ ಆರುತ್ತದೆ ಅನ್ನೋದು ನಿಮಗೆ ನಾನು ಹೇಳಬೇಕಾ?

ನಿಮ್ಮ ಊರಲ್ಲಿ ಏನು ನೇಯುತ್ತಾರೆ ಅಂತ ಅಜ್ಜಿ ಕೇಳಿದರು. ಫೋನಿನಲ್ಲಿ ಗುಳೇದಗುಡ್ಡದ ಖಣ ತೋರಿಸಿದೆ. ಮುಟ್ಟದೆ ಏನು ಹೇಳಲಿ ಮಗನೇ, ಅಂದರು. ಅಪ್ಪ, ದಸರೆಗೆ ಇಲ್ಲಿಂದ ನಮ್ಮ ಊರಿಗೆ ಬರುವ ಇನ್ನೊಬ್ಬ ಗೆಳೆಯನ ಕೈಯಲ್ಲಿ ಎರಡು ಖಣ ಕಳಿಸಿ. ನಿಮ್ಮ ಮಗ್ಗದವೇ ಆಗಬೇಕು. ಒಂದನ್ನು ಅವರು ಬ್ಲೇಡಿನಲ್ಲಿ ಕೊಯ್ದರೂ ಬೇಜಾರಾಗಬೇಡಿ. ಹೇಗೆ ಬಂತು ಅಂತ ಫೋಟೋ ಕಳಿಸುತ್ತೇನೆ.

ನಿಮ್ಮ ಮಗ