ಎಣ್ಣೆ ಹೀರುವ ಮಣ್ಣಿನ ದರ, ಹೊಸ ಚೀಲಗಳು

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಕಿನಿಂದ ಕೊಳಚೆನೀರಿನ ಘಟಕಗಳಿಗೆ ಕೊಡುವ ಮಣ್ಣಿನ ದರ ಏರುತ್ತದೆ, ಬಿಡಿ ಮಾರಾಟ ನಿಲ್ಲುತ್ತದೆ. ಅದು ಇನ್ನು 25 ಕಿಲೋದ ನೀಲಿ ಚೀಲದಲ್ಲಿ, ವೈನ್ ತಿಳಿಗೊಳಿಸುವ ಬೆಂಟೋನೈಟ್ ಎಂಬ ಜೇಡಿಮಣ್ಣು ಬಿಳಿ ಚೀಲದಲ್ಲಿ. ಬಿಳಿ ಚೀಲದ ದರ ಹಳೆಯದೇ. ಮಳೆಗಾಲದ ಹೊತ್ತಿಗೆ ಈ ಹೊರೆ ಹಾಕಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಕ್ಷಮೆ ಇರಲಿ. ದರಪಟ್ಟಿ ಇದರ ಜೊತೆಗಿದೆ.

"ಕಛ್‌ನಿಂದ ಬರುವ ಮಣ್ಣಿಗೆ ಇಷ್ಟು ದುಡ್ಡಾ ಮಾರಾಯ್ರೆ?" ಮಲ್ಪೆಯವರೂ ಬೈಕಂಪಾಡಿಯವರೂ ಕೇಳುತ್ತಲೇ ಇದ್ದೀರಿ. ದುಡ್ಡು ಹೋಗುವುದು ಮಣ್ಣಿಗಲ್ಲ. ಬರೀ ಬೆಂಟೋನೈಟ್ ನೀರು ಕುಡಿದು ಉಬ್ಬುತ್ತದೆ, ಎಣ್ಣೆ ಅದಕ್ಕೆ ಸೇರುವುದಿಲ್ಲ. ಪದರಗಳ ನಡುವಿನ ಸೋಡಿಯಂ ಹೋಗಿ ಆ ಜಾಗದಲ್ಲಿ ಸಿಟಿಎಸಿ (ಸೆಟೈಲ್ ಟ್ರೈಮಿಥೈಲ್ ಅಮೋನಿಯಂ ಕ್ಲೋರೈಡ್ ಎಂಬ, ಎಣ್ಣೆಗೆ ಸೇರುವ ಬಾಲವಿರುವ ರಾಸಾಯನಿಕ) ಕೂತರೆ ಮಾತ್ರ ಮೀನೆಣ್ಣೆ, ಗ್ರೀಸ್ ಹಿಡಿಯುತ್ತದೆ. ವಿನಿಮಯ ಸಾಮರ್ಥ್ಯ, ಅಂದರೆ ಸೋಡಿಯಂ ಬಿಟ್ಟು ಬೇರೆಯದನ್ನು ಹಿಡಿಯುವ ಶಕ್ತಿ, 100 ಗ್ರಾಂಗೆ 90 ಮಿಲಿಈಕ್ವಿವಲೆಂಟ್ ಇರುವ ಮಣ್ಣಾದರೆ ಕಿಲೋಗೆ ಸುಮಾರು 290 ಗ್ರಾಂ ಶುದ್ಧ ಸಿಟಿಎಸಿ ಬೇಕು. ಶೇ 29ರ ದ್ರಾವಣದ ಲೆಕ್ಕದಲ್ಲಿ ಅದು ಮಣ್ಣಿನಷ್ಟೇ ತೂಕವಾಯಿತು! ಆಮೇಲೆ ತೊಳೆಯುವ ಕೆಲಸ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟರೆ ಬೆಳ್ಳಗೆ ಕದಡಬಾರದು, ಕದಡಿದರೆ ಕ್ಲೋರೈಡ್ ಇನ್ನೂ ಉಳಿದಿದೆ ಎಂದರ್ಥ, ಅದು ಹೋಗುವವರೆಗೆ ತೊಳೆಯಬೇಕು. ಬಾವಿನೀರಿನಲ್ಲಿ ಮೊದಲೇ ಕ್ಲೋರೈಡ್ ಇರುವುದರಿಂದ ಇದಕ್ಕೆ ಡಿಮಿನರಲೈಸ್ಡ್ (ಲವಣ ತೆಗೆದ) ನೀರೇ ಆಗಬೇಕು. ಕರಾವಳಿಯ ಜೂನ್‌, ಜುಲೈಯಲ್ಲಿ ಬಿಸಿಲಿಗೆ ಒಣಗುವ ಮಾತೇ ಇಲ್ಲ, ಡ್ರೈಯರ್ ಉರಿಯುತ್ತಲೇ ಇರುತ್ತದೆ.

ತೊಳೆಯುವುದನ್ನು ಅರ್ಧಕ್ಕೆ ಬಿಟ್ಟರೆ ಅಗ್ಗಕ್ಕೆ ಕೊಡಬಹುದು. ಆದರೆ ಉಳಿದ ಸಿಟಿಎಸಿ ನಿಮ್ಮ ಏರೇಶನ್ (ಗಾಳಿ ಊದುವ) ಟ್ಯಾಂಕಿಗಿಳಿದು ಕೊಳಚೆ ತಿನ್ನುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅಂಥ ಮಾಲು ನಮ್ಮ ಬಾಗಿಲಿನಿಂದ ಹೊರಡುವುದಿಲ್ಲ.

ನೀಲಿ ಚೀಲದ ಮಣ್ಣನ್ನು ಕಾರ್ಬನ್ ಫಿಲ್ಟರಿಗಿಂತ ಮುಂಚೆ ಇಡಿ, ಇಲ್ಲದಿದ್ದರೆ ಎಣ್ಣೆ ಕಾರ್ಬನ್ನಿನ ರಂಧ್ರಗಳನ್ನು ಮುಚ್ಚುತ್ತದೆ. 30 ಪಾಲು ಮಣ್ಣಿಗೆ 70 ಪಾಲು ಆಂಥ್ರಸೈಟ್ (ಗಟ್ಟಿ ಕಲ್ಲಿದ್ದಲಿನ ಹರಳು) ಬೆರೆಸಿ. ಬರೀ ಮಣ್ಣು ತುಂಬಿದರೆ ಎಣ್ಣೆ ಕುಡಿದು ಉಬ್ಬಿ ನೀರು ಕಟ್ಟಿಕೊಳ್ಳುತ್ತದೆ.

ವೈನ್ ಮಾಡುವವರು ನೀಲಿ ಚೀಲವನ್ನು ಮುಟ್ಟಲೇಬೇಡಿ, ಅದು ಆಹಾರಕ್ಕಲ್ಲ. ಎರಡು ಬಣ್ಣ ಮಾಡಿದ್ದೇ ಅದಕ್ಕೆ. ಬಿಳಿ ಚೀಲದ್ದು 50 ಗ್ರಾಂ, 60 ಡಿಗ್ರಿಯ 1 ಲೀಟರ್ ನೀರಿಗೆ ಕಲಕುತ್ತಾ ಉದುರಿಸಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದು ದಿನ ನೆನೆದ ಮೇಲೆ ವೈನಿಗೆ ಲೀಟರಿಗೆ 10ರಿಂದ 20 ಮಿಲಿ ಸಾಕು. ಮೊದಲು ಸಣ್ಣ ಬಾಟಲಿಗಳಲ್ಲಿ ನೋಡಿ, ಹೆಚ್ಚಾದರೆ ಪ್ರೋಟೀನಿನ ಜೊತೆ ಪರಿಮಳವೂ ಹೋಗುತ್ತದೆ.

ಎಷ್ಟು ಚೀಲ ಬೇಕೆಂಬ ಅನುಮಾನವಿದ್ದರೆ ಕೊಳಚೆನೀರು ಒಂದು ಬಾಟಲಿ ಕಳಿಸಿ. ನಾವೇ ಪರೀಕ್ಷಿಸಿ ಹೇಳುತ್ತೇವೆ, ಅದಕ್ಕೆ ದುಡ್ಡು ಬೇಡ.

ಇತಿ,
ಮಾಲೀಕರು ಮತ್ತು ಕೆಲಸಗಾರರು
ಬೈಕಂಪಾಡಿ, ಮಂಗಳೂರು